ಶಾಮಿಯಾನದ ಕೆಳಗೆ ಬಿಳಿ ಯಾವುದು?

ಬೆಳ್ಳಗಿರುವ ವಸ್ತುವೊಂದನ್ನು ಹುಡುಕಿಕೊಂಡು ನೀವು ಯಾವತ್ತಾದರೂ ನಿಮ್ಮ ಮನೆಯೊಳಗೆ ಓಡಾಡಿದ್ದೀರಾ? ಓಡಾಡಬೇಡಿ. ನಾನು ಓಡಾಡಿ, ಕೋಗಿಲಿನ ನಮ್ಮ ಮನೆಯಲ್ಲಿ ಬಿಳಿ ಎನ್ನುವುದು ಇಲ್ಲವೇ ಇಲ್ಲ ಎಂಬ ದಾರುಣ ಸತ್ಯವನ್ನು ಕಂಡುಕೊಂಡು, ತಿಂಡಿ ಆರಿಸಿಕೊಂಡು, ಅಮ್ಮನ ಕೈಲಿ ಬೈಸಿಕೊಂಡಿದ್ದೇನೆ. ಗೋಡೆಗೆ ಹೊಡೆಸಿದ ಬಿಳಿಯ ಪಕ್ಕದಲ್ಲಿ ಒಂದು ಹಾಳೆ ಹಿಡಿದು ನೋಡಿ; ಗೋಡೆ ಮಜ್ಜಿಗೆಹುಳಿಯ ಬಣ್ಣಕ್ಕೆ ತಿರುಗುತ್ತದೆ. ಆ ಹಾಳೆಯ ಮೇಲೆ ಒಂದು ಚಿಟಿಕೆ ಉಪ್ಪು ಸುರಿಯಿರಿ. ಇಷ್ಟು ಹೊತ್ತು ಬೀಗುತ್ತಿದ್ದ ಹಾಳೆ ತಿಳಿನೀಲಿಯಾಗಿ ಬಿಡುತ್ತದೆ. ಕೊನೆಗೆ ತಟ್ಟೆಯಲ್ಲಿದ್ದ ಇಡ್ಲಿಯೇ ಪರಮ ಶ್ವೇತ ಎಂದು ನಾನು ತೀರ್ಮಾನಿಸುವ ಹೊತ್ತಿಗೆ ಅಮ್ಮ, "ಅದು ಅಕ್ಕಿದಲ್ಲ ಕಣೋ, ಸಾಮೆ ಇಡ್ಲಿ. ನಿಮ್ಮಪ್ಪನ ಶುಗರ್‌ಗೆ ಅಂತ ಮಾಡಿದ್ದು. ತಿಂತೀಯೋ, ನೋಡ್ತಾ ಕೂತ್ಕೋತೀಯೋ?" ಎಂದಳು. ಹೌದಲ್ಲ, ಇಡ್ಲಿ ಬೂದುಬಣ್ಣಕ್ಕಿತ್ತು.

ಈ ಅನ್ವೇಷಣೆಯ ಹಿಂದೆ ವೇದಾಂತವೇನೂ ಇರಲಿಲ್ಲ, ಒಂದು ಸೀರೆ ಇತ್ತು. ಅದರ ಕತೆಗೆ ಮೊದಲು ನನ್ನ ಯೋಗ್ಯತೆಯನ್ನು ಒಂದಿಷ್ಟು ಹೇಳಿಬಿಡುವುದು ನ್ಯಾಯ. ಕೊಂಡ ಮಿಕ್ಸಿ ತಿರುಗುತ್ತಿಲ್ಲ, ತಂದ ಫ್ಯಾನು ನಿಲ್ಲುತ್ತಿಲ್ಲ ಎಂದು ಫೋನ್ ಮಾಡುವವರಿಗೆ ಹೆಬ್ಬಾಳದ ಒಂದು ಕಚೇರಿಯಲ್ಲಿ ಕೂತು ದಿನವಿಡೀ ಕ್ಷಮೆ ಕೇಳುವುದು ನನ್ನ ಉದ್ಯೋಗ. ಸಂಜೆ ಮನೆಗೆ ಬಂದು, ನನ್ನಿಂದ ಕ್ಷಮೆ ಕೇಳಿಸಿಕೊಂಡವರನ್ನೆಲ್ಲ ಅವರವರ ದನಿಯಲ್ಲೇ ಅಣಕಿಸುವುದು ನನ್ನ ಹವ್ಯಾಸ. ನಮ್ಮ ಬಳಗದಲ್ಲಿ ನಾನು ಅಣಕಿಸದ ಗಂಟಲು ಉಳಿದಿಲ್ಲ. ನನ್ನದೇ ದನಿ ಯಾವುದೆಂಬುದು ಮಾತ್ರ ಈಚೆಗೆ ಸ್ವಲ್ಪ ಗೊಂದಲ. ಇಂಥವನು ಮತ್ತಿಕೆರೆಯ ಒಬ್ಬ ಗೆಳೆಯನಿಂದ ಹಳೆಯ ಕ್ಯಾಮೆರಾ ಒಂದನ್ನು ಇಸಿದುಕೊಂಡ ದಿನದಿಂದ, ನಾಮಕರಣದಿಂದ ಹಿಡಿದು ಹನ್ನೊಂದನೇ ದಿನದವರೆಗೆ ಎಲ್ಲ ಸಮಾರಂಭಗಳಿಗೂ ಬಳಗದ ಪುಕ್ಕಟೆ ಫೋಟೋಗ್ರಾಫರನಾದ. ಫೋಟೋ ತೆಗೆಯುವುದು ಸುಲಭ, ಗುಂಡಿ ಒತ್ತಿದರಾಯಿತು. ಕಷ್ಟವಿರುವುದು ಬಣ್ಣದಲ್ಲಿ.

ನಮ್ಮ ಕಣ್ಣು ಬಹಳ ದಾಕ್ಷಿಣ್ಯದ ಪ್ರಾಣಿ. ಹಳದಿ ಬಲ್ಬಿನ ಕೆಳಗೆ ಬಡಿಸಿದ ಅನ್ನವನ್ನೂ, ಮರದ ನೀಲಿ ನೆರಳಲ್ಲಿ ಬಡಿಸಿದ ಅನ್ನವನ್ನೂ ಒಂದೇ ಬಿಳಿಯೆಂದು ಒಪ್ಪಿಕೊಂಡು ಊಟ ಮುಗಿಸುತ್ತದೆ. ಕ್ಯಾಮೆರಾಕ್ಕೆ ಆ ಸೌಜನ್ಯವಿಲ್ಲ. ಮದುವೆ ಮನೆಗೆ ಬಂದು ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಪಂಕ್ತಿಯ ನಡುವೆ ಕೂಗಿ ಹೇಳುವ ನೆಂಟನಂತೆ, ಅನ್ನ ಹಳದಿಯಿದ್ದರೆ ಹಳದಿ, ನೀಲಿಯಿದ್ದರೆ ನೀಲಿ ಎಂದು ಇದ್ದದ್ದನ್ನು ಇದ್ದಂತೆ ಒದರುತ್ತದೆ. ಇದನ್ನು ತಿದ್ದುವ ವಿದ್ಯೆಗೆ ವೈಟ್ ಬ್ಯಾಲೆನ್ಸ್ ಎಂದು ಹೆಸರು. ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು, ಕಣ್ಣಿಗೆ ಔಷಧಿ ಬಿಡುವ ಡ್ರಾಪರಿನಂಥ ಒಂದು ಚಿಹ್ನೆಯನ್ನು ಹಿಡಿದು, ಬೆಳ್ಳಗಿರುವ ಒಂದು ಜಾಗದ ಮೇಲೆ ಒತ್ತಿ, 'ಗುರುವೇ, ಇದು ಬಿಳಿ' ಎಂದು ಹೇಳಬೇಕು. ಅದು ನಂಬುತ್ತದೆ. ನಂಬಿ, ಉಳಿದ ಬಣ್ಣಗಳನ್ನೆಲ್ಲ ಆ ಮಾತಿಗೆ ತಕ್ಕಂತೆ ಸರಿಸಿ ಕೂರಿಸುತ್ತದೆ. ಹೇಳಿದ ಬಿಳಿ ಸುಳ್ಳಾಗಿದ್ದರೆ ಇಡೀ ಜಗತ್ತೇ ಸುಳ್ಳಾಗುತ್ತದೆ. ಇಷ್ಟು ದೊಡ್ಡ ಜವಾಬ್ದಾರಿಯನ್ನು ನನ್ನಂಥವನ ಕೈಗೆ ಕೊಟ್ಟವರು ಯಾರೋ, ಅವರನ್ನೊಮ್ಮೆ ಅಣಕಿಸಬೇಕೆಂಬ ಆಸೆ ನನಗೆ ಇನ್ನೂ ಉಳಿದಿದೆ.

ಈಗ ಸೀರೆಗೆ ಬರೋಣ. ಅಪ್ಪನಿಗೆ ಒಬ್ಬಳೇ ತಂಗಿ, ನಮ್ಮ ಜಯತ್ತೆ. ಜಕ್ಕೂರಿನಲ್ಲಿ, ಒಂದು ಕಾಲಕ್ಕೆ ತಾವೇ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಎದ್ದಿರುವ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಇದ್ದಾಳೆ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಗೃಹಪ್ರವೇಶಕ್ಕೆ ಕರೆಯಲು ಅಪ್ಪ ಅಲ್ಲಿಗೆ ಹೋದಾಗ, ಗೇಟಿನ ಸೆಕ್ಯುರಿಟಿಯವನು ಮನೆಯವರ ಫೋನಿನಿಂದ ಒಪ್ಪಿಗೆ ಬರುವ ತನಕ ಒಳಗೆ ಬಿಡುವುದಿಲ್ಲ ಎಂದ. ಅತ್ತೆ ಆ ಹೊತ್ತಿಗೆ ಸ್ನಾನಕ್ಕೆ ಹೋಗಿದ್ದಳಂತೆ. ಅಪ್ಪ ಬಿಸಿಲಿನಲ್ಲಿ ಹತ್ತು ನಿಮಿಷ ನಿಂತು, ಆಮಂತ್ರಣ ಪತ್ರಿಕೆಯನ್ನು ಸೆಕ್ಯುರಿಟಿಯವನ ಕೈಗೇ ಕೊಟ್ಟು ಮನೆಗೆ ಬಂದುಬಿಟ್ಟ. ಅರಿಶಿನ ಕುಂಕುಮ ಕೊಟ್ಟು ಕರೆಯಬೇಕಾದ ತಂಗಿಯನ್ನು ವಾಚ್‌ಮನ್ ಕೈಲಿ ಕರೆಸಿದ ಎಂದು ಅತ್ತೆ, ಒಡಹುಟ್ಟಿದವನನ್ನು ಬಾಗಿಲಲ್ಲಿ ನಿಲ್ಲಿಸಿದಳು ಎಂದು ಅಪ್ಪ, ಅಂದಿನಿಂದ ಮಾತು ಬಿಟ್ಟರು. ಇಬ್ಬರ ಮನೆಗೂ ನಡುವೆ ಇರುವುದು ಸ್ಕೂಟರಿನಲ್ಲಿ ಕಾಲು ಗಂಟೆಯ ದಾರಿ.

ಈ ಮೌನದ ಎರಡನೆಯ ವರ್ಷ ನಾನೊಂದು ಘನಕಾರ್ಯ ಮಾಡಿದ್ದೆ. ಗೆಳೆಯನ ಫೋನಿನಿಂದ ಅಪ್ಪನಿಗೆ ಕರೆ ಮಾಡಿ, ಜಯತ್ತೆಯ ದನಿಯಲ್ಲಿ "ಅಣ್ಣಯ್ಯಾ..." ಎಂದೆ. ಅಪ್ಪ ಬೈಯುತ್ತಾನೆ, ಆಗ ನಕ್ಕು ನಾನೆಂದು ಹೇಳಿದರಾಯಿತು ಎಂದುಕೊಂಡಿದ್ದೆ. ಆ ಕಡೆಯಿಂದ ಅಪ್ಪನ ದನಿ ಬಹಳ ಮೆತ್ತಗೆ, "ಉಂಡ್ಯೇನಮ್ಮ?" ಎಂದಿತು. ನನಗೆ ನಗು ಬರಲಿಲ್ಲ, ಫೋನ್ ಇಟ್ಟುಬಿಟ್ಟೆ. ಅದು ನಾನೇ ಎಂದು ಅಪ್ಪನಿಗೆ ಆಮೇಲೆ ಗೊತ್ತಾಯಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಅತ್ತೆಯ ಮಗಳು ಶ್ರುತಿಗೆ ಮದುವೆ ಗೊತ್ತಾಯಿತು. ಸೋದರಮಾವ ಕೈಹಿಡಿದು ಕರೆತರದೆ ಹೆಣ್ಣು ಮಂಟಪಕ್ಕೆ ಬರುವಂತಿಲ್ಲ. ಅವಳಿಗೆ ಇರುವ ಸೋದರಮಾವ ಅಪ್ಪನೊಬ್ಬನೇ. ಅತ್ತೆ ಮಾವ ಇಬ್ಬರೂ ಮನೆಗೆ ಬಂದು ಕರೆದರು. ಮಾತೆಲ್ಲ ಮಾವನದು. ಅಣ್ಣತಂಗಿಯರಿಬ್ಬರೂ ಕಾಫಿ ಲೋಟಗಳನ್ನು ಅತ್ಯಂತ ಗೌರವದಿಂದ ನೋಡುತ್ತ ಕೂತಿದ್ದರು. ನಮ್ಮಲ್ಲಿ ಮದುವೆಗೆ ಮುಂಚೆ ಬರುವ ಚಪ್ಪರದ ದಿನ, ಹೆಣ್ಣಿನ ತಾಯಿ ತವರಿನಿಂದ ಬಂದ ಸೀರೆಯುಟ್ಟೇ ಶಾಸ್ತ್ರಕ್ಕೆ ಕೂರಬೇಕು. ಆ ಸೀರೆ ತರಲು ಅಪ್ಪ ಜನ್ಮದಲ್ಲಿ ಮೊದಲ ಬಾರಿಗೆ, ಅದೂ ಅಮ್ಮನನ್ನು ಬಿಟ್ಟು, ಯಲಹಂಕದ ಅಂಗಡಿಗೆ ಒಬ್ಬನೇ ಹೋಗಿ ಬಂದ. ಡಬ್ಬಿಯನ್ನು ನಮಗೆ ತೆರೆದು ತೋರಿಸಲೂ ಇಲ್ಲ. "ಗಿಣಿ ಅಸಿರು. ನನ್ ತಂಗಿಗೆ ಏನ್ ಒಪ್ತದೆ ಅಂತ ನಂಗೊತ್ತು," ಎಂದಷ್ಟೇ ಹೇಳಿದ. ಅಂಚು ಎಂಥದು ಎಂದು ಅಮ್ಮ ಕೇಳಿದ್ದಕ್ಕೆ, "ಅಂಚು ಅಂತ ಒಂದಿತ್ತು" ಎಂದ. ಅಣ್ಣತಂಗಿಯರ ಜಗಳಕ್ಕಿಂತಲೂ ಈ ಉತ್ತರ ಅಮ್ಮನನ್ನು ಹೆಚ್ಚು ನೋಯಿಸಿತೆಂದು ನನ್ನ ಅಂದಾಜು.

ಹಸಿ ತೆಂಗಿನ ಗರಿ ತಂದರೆ ಇರುವೆ ಬರುತ್ತದೆಂದು ಅಪಾರ್ಟ್‌ಮೆಂಟಿನವರು ತಕರಾರು ಮಾಡಿದ್ದರಿಂದ, ಚಪ್ಪರದ ದಿನ ಅಂಗಳದಲ್ಲಿ ಎದ್ದದ್ದು ಬಟ್ಟೆಯ ಶಾಮಿಯಾನ. ಅದರ ಬಣ್ಣ ರಾಣಿ ಬಣ್ಣ, ಎಂದರೆ ಬೀಟ್‌ರೂಟ್ ಬೇಯಿಸಿದ ನೀರಿನ ಗುಲಾಬಿ. ಬೆಳಗಿನ ಬಿಸಿಲು ಅದನ್ನು ತೂರಿಕೊಂಡು ಬಂದು ಕೆಳಗಿದ್ದವರನ್ನೆಲ್ಲ ಅದರಲ್ಲೇ ಅದ್ದಿ ತೆಗೆದಿತ್ತು. ಅಪ್ಪ ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಸೀರೆ ಡಬ್ಬಿಯನ್ನಿಟ್ಟು ಅತ್ತೆಯ ಮುಂದೆ ಹಿಡಿದು, "ತಗ" ಎಂದ. ನಾಲ್ಕು ವರ್ಷದಲ್ಲಿ ಅವಳೊಂದಿಗೆ ಆಡಿದ ಮೊದಲ ಮಾತು. ಆಡಿದವನೇ ತುರ್ತು ಕೆಲಸವಿದೆಯೆಂದು ಸ್ಕೂಟರ್ ಹತ್ತಿ ಹೊರಟುಹೋದ. ಅಪ್ಪನಿಗೆ ತುರ್ತು ಕೆಲಸ ಇದ್ದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಅತ್ತೆ ಡಬ್ಬಿ ಹಿಡಿದು ಒಳಗೆ ಹೋದಳು, ಅರ್ಧ ಗಂಟೆಗೆ ಬಂದು ಶಾಸ್ತ್ರಕ್ಕೆ ಕೂತಳು, ನಾನು ಫೋಟೋ ಹೊಡೆದೆ.

ಮರುದಿನ ಬೆಳಿಗ್ಗೆ ಕೆಲವು ಫೋಟೋಗಳನ್ನು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿ ಹಲ್ಲುಜ್ಜಲು ಹೋಗಿದ್ದೆ. ಬರುವಷ್ಟರಲ್ಲಿ ಅಪ್ಪ ಮೊಬೈಲನ್ನು ತೋಳುದ್ದ ಹಿಡಿದು ನಿಂತಿದ್ದ.

"ಏನ್ಲಾ ಇದು? ಕರೀ ಸೀರೆ ಉಟ್ಟವ್ಳೆ!"

ನೋಡಿದೆ. ಹೌದು, ಕಪ್ಪು. ಮಸಿಯಂಥ ಕಪ್ಪು.

"ಮಗಳ ಚಪ್ಪರದ ದಿನ ಕರೀದು! ನಾನ್ ಕೊಟ್ಟಿದ್ದನ್ನ ಪಕ್ಕಕ್ ಬಿಸಾಕಿ, ಊರೆಲ್ಲಾ ನೋಡ್ಲಿ ಅಂತ ಕರೀದ್ ಉಟ್ಕಂಡ್ ಕೂತವ್ಳೆ. ಆಯ್ತು ಬಿಡು. ಬಾನುವಾರ ನಾನ್ ಬರಲ್ಲ. ನೀವ್ ಓಗ್ ಬನ್ನಿ."

ಅಂದು ಮಂಗಳವಾರ. ಭಾನುವಾರ ಮದುವೆ.

ಅತ್ತೆಗೆ ಒಂದು ಫೋನ್ ಮಾಡಿ ಕೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ನೀವು ನಮ್ಮ ಅತ್ತೆಯನ್ನು ಕಂಡಿಲ್ಲ. 'ತವರಿನ ಸೀರೆ ಉಟ್ಟಿದ್ಯಾ ಅತ್ತೆ?' ಎಂದು ಕೇಳುವುದೂ ಒಂದೇ, 'ನೀನು ಉಟ್ಟಿಲ್ಲವೆಂದು ಅಪ್ಪನಿಗೆ ಅನುಮಾನ' ಎಂದು ಸಾರುವುದೂ ಒಂದೇ. ಇನ್ನೊಂದು ನಾಲ್ಕು ವರ್ಷದ ಮೌನಕ್ಕೆ ಅಷ್ಟು ಬಂಡವಾಳ ಸಾಕು. ನೀನೇ ಅಲ್ಲಿದ್ದೆಯಲ್ಲ ಎಂದರೆ, ಇದ್ದೆ ನಿಜ, ಆದರೆ ಫೋಟೋ ತೆಗೆಯುವವನು ಏನನ್ನೂ ನೋಡುವುದಿಲ್ಲ ಎಂಬುದು ಈ ಕಸುಬಿನ ಗುಟ್ಟು. ಯಾರ ಕಣ್ಣು ಮುಚ್ಚಿದೆ, ಯಾರ ತಲೆ ಅಡ್ಡ ಬಂತು, ಬ್ಯಾಟರಿ ಎಷ್ಟಿದೆ ಎಂಬುದರಲ್ಲೇ ನನ್ನ ಆಯುಷ್ಯ ಕಳೆದಿತ್ತು. ಅಮ್ಮನನ್ನು ಅಡುಗೆಮನೆಗೆ ಕರೆದು ಕೇಳಿದೆ. "ನಂಗೂ ಕಪ್ಪಗೇ ಕಾಣ್ತು ಕಣೋ," ಎಂದು ಪಿಸುಗುಟ್ಟಿದಳು. "ಶುಭಕಾರ್ಯದಲ್ಲಿ ನಾನ್ಯಾಕೆ ಬೆಂಕಿ ಹಚ್ಲಿ ಅಂತ ಸುಮ್ನಿದ್ದೆ."

ಆಗ ನನಗೆ ಶಾಮಿಯಾನದ ನೆನಪಾಯಿತು. ಹಸಿರು ಬಟ್ಟೆಗೆ ಅಂಥ ಗುಲಾಬಿ ಬೆಳಕು ಬಿದ್ದರೆ ಅದು ಕಪ್ಪಗೆ ಕಾಣುತ್ತದೆಂದು ಎಲ್ಲೋ ಒಂದು ವೀಡಿಯೋದಲ್ಲಿ ಕೇಳಿದ್ದೆ. ಅಷ್ಟೇ ತಾನೆ, ಬಿಳಿಯನ್ನು ಹಿಡಿದರೆ ಹಸಿರು ತಾನಾಗಿ ಎದ್ದು ಬರುತ್ತದೆ! ಲ್ಯಾಪ್‌ಟಾಪ್ ತೆರೆದೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಪರೀಕ್ಷೆಯಲ್ಲಿ ನಕಲು ಹಿಡಿಯಲು ಬಂದ ಮೇಷ್ಟರಂತೆ ಕೂತ.

ಮೊದಲು ಕಣ್ಣಿಗೆ ಬಿದ್ದದ್ದು ಮಾವ. ಜಕ್ಕೂರಿನ ಹೊಲಗಳು ಸೈಟುಗಳಾದ ಮೇಲೆ ಮಾವ ಬಿಳಿಯ ಹೊರತು ಇನ್ನೊಂದು ಉಟ್ಟವನಲ್ಲ. ಅಂಗಿ ಬಿಳಿ, ಪಂಚೆ ಬಿಳಿ, ಚಪ್ಪಲಿ ಬಿಳಿ, ಕಾರೂ ಬಿಳಿ. ಇಷ್ಟೊಂದು ಶ್ವೇತಾಂಬರ ಮನುಷ್ಯ ಇರುವಾಗ ಚಿಂತೆಯೇಕೆಂದು ಡ್ರಾಪರನ್ನು ಅವನ ಎದೆಯ ಮೇಲೊತ್ತಿದೆ. ಕ್ಷಣಾರ್ಧದಲ್ಲಿ ಇಡೀ ಬಳಗಕ್ಕೆ ಕಾಮಾಲೆ ಬಂತು. ಮಾವನ ಅಂಗಿಗೆ ಒಗೆಯುವಾಗ ನೀಲಿ ಹಾಕುತ್ತಾರೆಂಬುದನ್ನು ನಾನು ಮರೆತಿದ್ದೆ. ಆ ನೀಲಿಯನ್ನು ಕಳೆಯಲು ಕಂಪ್ಯೂಟರು ಎಲ್ಲರ ಮೇಲೂ ಅರಿಶಿನ ಸುರಿದಿತ್ತು.

"ಈಗ ಕಾಪಿ ಪುಡಿ ಬಣ್ಣ," ಎಂದ ಅಪ್ಪ ಸೀರೆಯನ್ನು ನೋಡಿ.

ಎರಡನೆಯದಾಗಿ ಶಾಮಿಯಾನದ ಜೊತೆಗೇ ಬಂದು ಅದರ ಹೊರಗುಳಿದಿದ್ದ ಪ್ಲಾಸ್ಟಿಕ್ ಕುರ್ಚಿಗಳು. ಅವು ಎಷ್ಟು ಮದುವೆ, ಎಷ್ಟು ತಿಥಿ ಕಂಡಿದ್ದವೋ, ಹಳೆಯ ಹಲ್ಲಿನಂತೆ ಹಳದಿಗಟ್ಟಿದ್ದವು. ಅವನ್ನು ಬಿಳಿಯೆಂದು ನಂಬಿಸಿದ್ದಕ್ಕೆ ಬಳಗವೆಲ್ಲ ಚಳಿಗೆ ನೀಲಿಗಟ್ಟಿ ಕೂತಂತಾಯಿತು. ಸೀರೆ ಶಾಲೆಯ ಯೂನಿಫಾರಮ್ಮಿನ ನೀಲಿಗೆ ಇಳಿಯಿತು. ಮೂರನೆಯ ಸಲ, ಅತ್ತೆಯ ಮುಂದಿನ ತಟ್ಟೆಯಲ್ಲಿದ್ದ ಅಕ್ಕಿ. ಸಾಕ್ಷಾತ್ ಶಾಮಿಯಾನದ ನಡುವೆಯೇ ಇದ್ದ, ನೀಲಿ ಕಾಣದ, ಹಳತಾಗದ, ಶುದ್ಧ ಸಾತ್ವಿಕ ಅಕ್ಕಿ! ಒತ್ತಿದೆ. ಬೀಟ್‌ರೂಟಿನ ಮಬ್ಬು ಹರಿಯಿತು, ಅತ್ತೆಯ ಮುಖ ಮುಖದಂತಾಯಿತು, ಸೀರೆಯ ಮಡಿಕೆಗಳೊಳಗಿಂದ ಒಂದು ಬಣ್ಣ ಕಣ್ಣುಬಿಟ್ಟಿತು.

"ಹಸಿರು! ನೋಡಪ್ಪಾ, ಹಸಿರು!"

ಅಪ್ಪ ಬಾಗಿ ನೋಡಿದ. ಸೀರೆಯನ್ನಲ್ಲ, ಫೋಟೋದ ಅಂಚನ್ನು.

"ಸೀರೆ ಅಸಿರಾಯ್ತು, ಸರಿ. ನಿಮ್ ಮಾವ ಯಾಕ್ಲಾ ಅಸಿರಾದ?"

ಮಾವ ಶಾಮಿಯಾನದ ಅಂಚಿನಲ್ಲಿ, ಬರೀ ಬಿಸಿಲಿನಲ್ಲಿ ನಿಂತಿದ್ದ. ಗುಲಾಬಿಯನ್ನು ಕಳೆಯಲು ಫೋಟೋದ ತುಂಬ ಹಸಿರು ಬೆರೆಸಿದ್ದು, ಗುಲಾಬಿಯೇ ಇಲ್ಲದ ಮಾವನ ಮೇಲೂ ಬಿದ್ದು, ಶ್ವೇತಾಂಬರನು ಕೆರೆಯಿಂದ ಆಗಷ್ಟೇ ಎದ್ದುಬಂದ ಕಪ್ಪೆಯಂತಾಗಿದ್ದ. ಅವನ ಹಿಂದಿನ ಗೋಡೆ, ಗೋಡೆಯ ಮೇಲಿನ ಬೆಕ್ಕು, ಎಲ್ಲವೂ ಹಸಿರು.

"ಒಂದು ಫೋಟೋಕ್ಕೆ ಒಂದೇ ಬಿಳಿ ಹೇಳೋಕಾಗೋದು ಅಪ್ಪಾ. ಆದ್ರೆ ಇದ್ರಲ್ಲಿ ಎರಡು ಬೆಳಕಿದೆ. ಅತ್ತೆ ಒಂದು ಬೆಳಕಲ್ಲಿ ಕೂತಿದಾಳೆ, ಮಾವ ಇನ್ನೊಂದರಲ್ಲಿ ನಿಂತಿದಾನೆ. ಒಬ್ರನ್ನ ಸರಿ ಮಾಡಿದ್ರೆ ಇನ್ನೊಬ್ರು ಕೆಡ್ತಾರೆ."

ಹ್ಞೂಂ ಎನ್ನುವ ಮನಸ್ಸು ಅಪ್ಪನಿಗೆ ಒಳಗೊಳಗೇ ಇತ್ತೇನೋ. ಆದರೆ ಹೇಳುತ್ತಿದ್ದವನು ನಾನು. "ನಿಂಗೇನ್ಲಾ," ಎಂದ ಮೆಲ್ಲಗೆ, "ದನಿ ಬೇಕಂದ್ರೆ ದನಿ ಮಾಡ್ತೀಯ, ಬಣ್ಣ ಬೇಕಂದ್ರೆ ಬಣ್ಣ ಬಳೀತೀಯ." ಎದ್ದು ಹೋದ. ಉದ್ಯೋಗದ ಅಭ್ಯಾಸಬಲದಿಂದ ನನ್ನ ಬಾಯಿಗೆ ಬಂದ 'ತಮಗಾದ ತೊಂದರೆಗೆ ವಿಷಾದಿಸುತ್ತೇವೆ' ಎಂಬ ವಾಕ್ಯವನ್ನು ಹಾಗೇ ನುಂಗಿಕೊಂಡೆ.

ಬುಧವಾರ ಬೆಳಿಗ್ಗೆ, ಬಾಯಿಂದ ಆಗದ್ದನ್ನು ಪ್ರಯೋಗದಿಂದ ಸಾಧಿಸಲು ಹೊರಟೆ. ಮನೆಯೊಳಗೆ ಬಿಳಿಯನ್ನು ಹುಡುಕಿ ಇಡ್ಲಿಯ ತನಕ ಬಂದು ಸೋತೆನೆಂದು ಆರಂಭದಲ್ಲಿ ಹೇಳಿದೆನಲ್ಲ, ಅದು ಇದರ ಸಿದ್ಧತೆ. ಬಿಳಿ ಸಿಗದಿದ್ದರೆ ಬೇಡ, ಹಸಿರಾದರೂ ಇದೆಯಲ್ಲ ಎಂದು ಫ್ರಿಜ್ಜಿನಿಂದ ಒಂದು ದಪ್ಪ ಮೆಣಸಿನಕಾಯಿ ತೆಗೆದುಕೊಂಡು, ಮಹಡಿಯ ಮೇಲೆ ಬಟ್ಟೆ ಒಣಹಾಕುವ ತಂತಿಗೆ ಅಮ್ಮನ ರಾಣಿ ಬಣ್ಣದ ಸೀರೆಯನ್ನು ಡೇರೆಯಂತೆ ಕಟ್ಟಿ, ಅಪ್ಪನನ್ನು ಕೈಹಿಡಿದು ಅದರೊಳಕ್ಕೆ ಕೂರಿಸಿದೆ. ಪಕ್ಕದ ಮನೆಯ ಮಹಡಿಯಲ್ಲಿ ರಾಗಿ ಒಣಗಿಸುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಗುಲಾಬಿ ಡೇರೆಯೊಳಗೆ ಅಪ್ಪ, ಅಪ್ಪನ ಅಂಗೈಯಲ್ಲಿ ಮೆಣಸಿನಕಾಯಿ. ಬದನೆಕಾಯಿಯಂತೆ ಕಪ್ಪಾಗಿತ್ತು.

"ಕಪ್ಪಾಗೇ ಕಾಣ್ತದೆ," ಎಂದು ಅಪ್ಪ ಒಪ್ಪಿಕೊಂಡ.

ನಾನು ಗೆದ್ದೆನೆಂದು ಎದೆಯುಬ್ಬಿಸಿದೆ. ಅಪ್ಪ ಮೆಣಸಿನಕಾಯಿಯನ್ನು ಅತ್ತ ಇತ್ತ ತಿರುಗಿಸಿ, ಬಹಳ ಯೋಚಿಸಿ ಕೇಳಿದ:

"ಅಲ್ಲ, ನಿಜವಾಗ್ಲೂ ಕರೀ ಸೀರೆ ಆಗಿದ್ರೆ ಇದ್ರಡೀಲಿ ಎಂಗ್ ಕಾಣ್ತಿತ್ತು?"

ನನ್ನ ಎದೆ ಇಳಿಯಿತು. ಕಪ್ಪೂ ಕಪ್ಪಾಗಿಯೇ ಕಾಣುತ್ತಿತ್ತು. ಹಸಿರಾಗಿದ್ದಿರಬಹುದು ಎಂದಷ್ಟೇ ನಾನು ಸಾಧಿಸಿದ್ದೆ; ಹಸಿರಾಗಿತ್ತು ಎಂದಲ್ಲ. ಏಳನೇ ತರಗತಿಗೇ ಓದು ಬಿಟ್ಟ ಅಪ್ಪ, ಡಿಗ್ರಿಯವನ ತರ್ಕವನ್ನು ಒಂದು ಮೆಣಸಿನಕಾಯಿಯಿಂದ ಹೊಡೆದುರುಳಿಸಿ, ಅದನ್ನು ಅಮ್ಮನಿಗೆ ಪಲ್ಯಕ್ಕೆ ಕೊಟ್ಟು ಹೋದ.

ಅಲ್ಲಿಂದಾಚೆಗೆ ನನಗೇ ಸಂಶಯ ಶುರುವಾಯಿತು. ನಾನು ಅಕ್ಕಿಯನ್ನು ಬಿಳಿ ಎಂದದ್ದು ಅದು ಬಿಳಿಯಾಗಿತ್ತೆಂದೋ, ಅಥವಾ ಅದನ್ನೊತ್ತಿದರೆ ನನಗೆ ಬೇಕಾದ ಹಸಿರು ಬಂತೆಂದೋ? ಅದು ಒಂಚೂರು ಹಳದಿಯ ಅಕ್ಕಿಯಾಗಿದ್ದರೆ? ಅತ್ತೆ ನಿಜಕ್ಕೂ ಸಿಟ್ಟಿನಿಂದ ಕಪ್ಪು ಉಟ್ಟಿದ್ದರೆ? ಕಚೇರಿಯಲ್ಲಿ ಕೂತು ಯಾರದೋ ಮಿಕ್ಸಿಗೆ ಕ್ಷಮೆ ಕೇಳುವಾಗಲೂ ಕಣ್ಣ ಮುಂದೆ ಸೀರೆ. ಕಾಫಿಪುಡಿ, ನೀಲಿ, ಹಸಿರು, ಕಪ್ಪು. ಒಂದೇ ಸೀರೆ, ನಾಲ್ಕು ಬಣ್ಣ, ನಾಲ್ಕಕ್ಕೂ ನಾನೇ ಸಾಕ್ಷಿ. ಗುರುವಾರ ಶಾಮಿಯಾನದ ಫೋಟೋಗಳನ್ನೆಲ್ಲ ಒಂದೊಂದಾಗಿ ತೆರೆದು, ಕಂಡ ಕಂಡಲ್ಲೆಲ್ಲ ಡ್ರಾಪರ್ ಚುಚ್ಚಿ, ತಲೆ ಕೆಟ್ಟು, ಕೊನೆಗೆ ಶುಕ್ರವಾರ ಬೆಳಿಗ್ಗೆ ಬಣ್ಣವೆಂಬ ಬಣ್ಣವನ್ನೇ ಫೋಟೋದಿಂದ ತೆಗೆದುಹಾಕಿದೆ. ಎಲ್ಲವೂ ಕಪ್ಪು ಬಿಳುಪಾಯಿತು. ಕಣ್ಣಿಗೆ ತಂಪೆನಿಸಿತು.

ಅಪ್ಪ ಹಿಂದಿನಿಂದ ಹಾದುಹೋಗುತ್ತ, "ಯಾರ್ ಸತ್ರು ಅಂತ ಇಂಗ್ ಮಾಡಿದೀಯ?" ಎಂದ.

ಅಮ್ಮ ಕಾಫಿ ತಂದವಳು ಲೋಟವನ್ನು ನನ್ನ ಕೈಗೆ ಕೊಡದೆ ಪರದೆಯನ್ನೇ ನೋಡುತ್ತ ನಿಂತಳು.

"ಸ್ವಲ್ಪ ದೊಡ್ಡದು ಮಾಡೋ. ಮುಖ ಅಲ್ಲ, ಸೊಂಟದ ಹತ್ರ. ಹಾಂ. ಇನ್ನೂ ಕೆಳಗೆ." ಲೋಟವನ್ನು ಅಲ್ಲೇ ಇಟ್ಟಳು. "ರೀ, ಇಲ್ ಬನ್ರೀ. ಈ ಗೆರೆ ನೋಡಿ. ಚೌಕ ಚೌಕ."

"ಏನ್ ಗೆರೆ?"

"ಡಬ್ಬೀಲಿ ಮಡಚಿಟ್ಟಿರ್ತಾರಲ್ಲ, ಆ ಗೆರೆ. ಇಸ್ತ್ರಿನೂ ಆಗಿಲ್ಲ. ಕೆಳಗೆ ನೋಡಿ, ಫಾಲ್ಸೂ ಹೊಲ್ಸಿಲ್ಲ, ನೆರಿಗೆ ಹೆಂಗೆ ಮುದುರ್ಕೊಂಡಿದೆ. ಈ ಸೀರೆ ಡಬ್ಬಿಯಿಂದ ತೆಗ್ದು ಹಂಗೇ ಉಟ್ಟಿರೋದು. ಮೇಲೆ ಬ್ಲೌಸ್ ನೋಡಿ! ಸೀರೆಗೂ ಅದಕ್ಕೂ ಸಂಬಂಧವೇ ಇಲ್ಲ. ಯಾವ್ದೋ ಹೂವಿನ ಸೀರೆದು."

ಜಯತ್ತೆ ಎಂಥವಳೆಂದು ನಿಮಗೆ ಈಗಲೇ ಹೇಳಬೇಕು. ಹಾಲು ತರಲು ಏಳನೇ ಮಹಡಿಯಿಂದ ಕೆಳಗಿಳಿಯುವಾಗಲೂ ಸೀರೆಗೆ ಹೊಂದುವ ಬ್ಲೌಸು, ಬ್ಲೌಸಿಗೆ ಹೊಂದುವ ಬಳೆ ತೊಡುವವಳು ಅವಳು. ಮಗಳ ಮದುವೆಯ ಒಂದೊಂದು ಶಾಸ್ತ್ರದ ಸೀರೆಗೂ ಎರಡು ತಿಂಗಳ ಮೊದಲೇ ಬ್ಲೌಸು ಹೊಲಿಸಿ, ಚೀಟಿ ಅಂಟಿಸಿ ಇಟ್ಟಿದ್ದಳಂತೆ. ಅಂಥವಳ ಬೀರುವಿನಲ್ಲಿ ಜೊತೆ ಬ್ಲೌಸಿಲ್ಲದ ಸೀರೆ ಇರುವುದಕ್ಕೆ ಸಾಧ್ಯವೇ ಇಲ್ಲ, ಅದು ಅದೇ ಬೆಳಿಗ್ಗೆ ತಟ್ಟೆಯಲ್ಲಿ ಬಂದದ್ದಾಗಿರದ ಹೊರತು. ನಾಲ್ಕು ದಿನದಿಂದ ನಾವಿಬ್ಬರೂ ಬಣ್ಣವನ್ನೇ ನೋಡುತ್ತಿದ್ದೆವು. ಸೀರೆಯನ್ನು ಯಾರೂ ನೋಡಿರಲಿಲ್ಲ.

ಅಪ್ಪ ಕನ್ನಡಕ ಹುಡುಕಿ ತಂದು ಹಾಕಿಕೊಂಡು ಮತ್ತೆ ನೋಡಿದ.

"ಬ್ಲೌಸ್ ಇಲ್ದಿದ್ರೂ ಉಟ್ಕಂಡ್ಳಾ?"

"ಅಷ್ಟು ಜನ ಬೀಗರ ಮುಂದೆ," ಎಂದಳು ಅಮ್ಮ. "ನಾನಾಗಿದ್ರೆ ಉಡ್ತಿರ್ಲಿಲ್ಲ ಕಣ್ರೀ. ದೇವರಾಣೆ ಉಡ್ತಿರ್ಲಿಲ್ಲ."

ಅಪ್ಪ ಮೇಜಿನ ಮೇಲಿದ್ದ ಲೋಟ ಎತ್ತಿಕೊಂಡ. ಕಾಫಿ ಕುಡಿದ, ಅದು ನನ್ನ ಕಾಫಿ. ಆಮೇಲೆ ಮೊಬೈಲ್ ತೆಗೆದು, ನಾಲ್ಕು ವರ್ಷದಿಂದ ಒತ್ತದ ಹೆಸರನ್ನು ಒತ್ತಿ, ಎಂದಿನಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ಅಣ್ಣಯ್ಯಾ?" ಎಂದಿತು ಮೊಬೈಲು.

ಮಾತಾಡುತ್ತಿರುವುದು ನಿಜಕ್ಕೂ ತಂಗಿಯೇ ಎಂದು ಖಾತ್ರಿ ಮಾಡಿಕೊಳ್ಳಲು ಅಪ್ಪ ಒಮ್ಮೆ ನನ್ನ ತುಟಿಯನ್ನು ನೋಡಿದ. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತೋರಿಸಿದೆ.

"ಏನಿಲ್ಲ ಕಣಮ್ಮ. ಪೋಟೋ ನೋಡ್ದೆ. ಬ್ಲೌಸು ಮ್ಯಾಚಾಗಿಲ್ಲ."

ನಾಲ್ಕು ವರ್ಷದ ಮೇಲೆ ಅಣ್ಣನೊಬ್ಬ ತಂಗಿಗೆ ಫೋನ್ ಮಾಡಿ ಹೇಳುವ ಮಾತೇ ಇದು? ಅಮ್ಮ ಹಣೆ ಚಚ್ಚಿಕೊಂಡಳು. ಆದರೆ ಆ ಕಡೆ ಅಣೆಕಟ್ಟೆಯೇ ಒಡೆಯಿತು.

"ಎಲ್ಲಿಂದ ಮ್ಯಾಚಾಗ್ತದೆ? ಚಪ್ಪರದ ದಿನ ಬೆಳಿಗ್ಗೆ ತಂದ್ಕೊಟ್ರೆ ನಾನೇನು ಮಂತ್ರ ಹಾಕ್ಲಾ? ಬೀಗಿತಿಯರೆಲ್ಲ ನನ್ ಮಕ ಬಿಟ್ಟು ತೋಳ್ನೇ ನೋಡ್ತಿದ್ರು. ಮಾನ ಓಯ್ತು ನಂದು. ಆದ್ರೂ ಅಣ್ಣಯ್ಯ ನೋಡ್ಲಿ ಅಂತ ಉಟ್ಕಂಡ್ ಓಡ್ ಬಂದ್ರೆ, ನೀನೇ ಇಲ್ಲ!" ದನಿ ಸಣ್ಣಗಾಯಿತು. "ಒಂದ್ ಗಳಿಗೆ ನಿಂತಿದ್ರೆ ಏನಾಗ್ತಿತ್ತು ನಿಂಗೆ?"

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅಷ್ಟು ಕೊಳೆ ಅದರಲ್ಲಿರಲಿಲ್ಲ.

"ಬಾನುವಾರ ಬೆಳಿಗ್ಗೆ ಆರಕ್ಕೇ ಬರ್ತೀನಿ," ಎಂದ.

"ಐದಕ್ ಬಾ. ಅತ್ಗೆನೂ ಕರ್ಕಂಡ್ ಬಾ."

ಇನ್ನು ತಡೆಯಲಾಗದೆ ನಾನು ಮೊಬೈಲಿಗೆ ಬಾಯಿಟ್ಟು ಕೇಳಿದೆ: "ಅತ್ತೇ, ಆ ಸೀರೆ ಬಣ್ಣ ಯಾವ್ದು?"

"ರಾಮಾ ಬ್ಲೂ ಕಣೋ."

"ಗಿಣಿ ಅಸಿರಲ್ವೇನಮ್ಮ?" ಎಂದ ಅಪ್ಪ ಕಂಗಾಲಾಗಿ.

"ಗಿಣಿ ಅಸಿರಾ? ನೀನ್ ಯಾವ್ ಗಿಣಿ ನೋಡಿದ್ಯೋ ಅಣ್ಣಯ್ಯ!"

ಅಂಗಡಿಯ ಹಳದಿ ದೀಪಗಳ ಕೆಳಗೆ ಅಪ್ಪ ಏನನ್ನು ಕಂಡನೋ, ಏನನ್ನು ತಂದನೋ! ಅಮ್ಮನನ್ನು ಜೊತೆಗೆ ಕರೆದೊಯ್ದಿದ್ದರೆ ಎಂದು ಯೋಚಿಸುವಷ್ಟರಲ್ಲಿ ಅಮ್ಮನೇ ಅದನ್ನು ಸಾಕಷ್ಟು ಗಟ್ಟಿಯಾಗಿ ಹೇಳತೊಡಗಿದ್ದಳು. ರಾಮಾ ಬ್ಲೂ ಎಂದರೆ ನೀಲಿಯೊಳಗಿನ ಹಸಿರೋ ಹಸಿರೊಳಗಿನ ನೀಲಿಯೋ ಎಂದು ಬಳಗದ ಮೂವರು ಹೆಂಗಸರನ್ನು ವಿಚಾರಿಸಿ, ನಾಲ್ಕು ಉತ್ತರ ಪಡೆದು, ಕೈಬಿಟ್ಟೆ.

ಭಾನುವಾರ ಯಲಹಂಕದ ಛತ್ರದಲ್ಲಿ ಅಪ್ಪ ಶ್ರುತಿಯ ಕೈಹಿಡಿದು ಮಂಟಪಕ್ಕೆ ಕರೆತಂದ. ಛತ್ರದವರು ಮಂಟಪದ ಸುತ್ತ, ಕ್ಷಣಕ್ಕೊಂದು ಬಣ್ಣಕ್ಕೆ ತಿರುಗುವ ದೀಪಗಳನ್ನು ಹಾಕಿಸಿದ್ದರು. ಆಮೇಲೆ ಅತ್ತೆ ಅಪ್ಪನನ್ನು ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಹೊಡಿಯೋ ಒಂದು" ಎಂದಳು. ಹೊಡೆದೆ. ನೋಡಿದರೆ ಅಪ್ಪನ ಮುಖ ನೇರಳೆ ಹಣ್ಣಿನಂತೆ, ಅತ್ತೆಯದು ಎಳೆ ಸೌತೆಕಾಯಿಯಂತೆ, ಇಬ್ಬರ ಹಲ್ಲೂ ತಿಳಿನೀಲಿ. ಅಪ್ಪ ಕ್ಯಾಮೆರಾದ ಹಿಂಬದಿಗೆ ಬಂದು ಬಗ್ಗಿ, ಆ ಚಿಕ್ಕ ಪರದೆಯನ್ನು ಬಹಳ ಹೊತ್ತು ನೋಡಿದ. ನನಗೆ ಹೆದರಿಕೆಯಾಯಿತು.

"ಇರಪ್ಪಾ, ಬಣ್ಣ ಸರಿ ಮಾಡಿ ಆಮೇಲೆ ಕಳಿಸ್ತೀನಿ," ಎಂದೆ.

ಅಪ್ಪ ತಲೆಯೆತ್ತಿ ನನ್ನನ್ನು ಅರ್ಥವಾಗದವನಂತೆ ನೋಡಿದ.

"ಯಾಕ್ಲಾ, ಏನಾಗದೆ ಬಣ್ಣಕ್ಕೆ?"